ನೊಣದ ಗಡಿಯಾರ, ನಿಮ್ಮ ಭಾನುವಾರ

ಪ್ರಶ್ನೆ: ನನ್ನ ಊರು ಶಿರಸಿ ಹತ್ತಿರ. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಈಗ ಬೆಂಗಳೂರಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಎರಡನೇ ವರ್ಷ. ಹಣ್ಣಿನ ನೊಣಗಳ ಮೇಲೆ ಕೆಲಸ. ಬೆಳಗ್ಗೆ 9ಕ್ಕೆ ಲ್ಯಾಬ್‌ಗೆ ಹೋದರೆ ಹಾಸ್ಟೆಲ್‌ಗೆ ಬರುವಾಗ ರಾತ್ರಿ 10, ಕೆಲವೊಮ್ಮೆ 11. ಶನಿವಾರ, ಭಾನುವಾರ ಅಂತ ಇಲ್ಲ. ವರ್ಜಿನ್ (ಇನ್ನೂ ಗಂಡಿನ ಜೊತೆ ಕೂಡದ ಹೆಣ್ಣು ನೊಣ) ಆರಿಸಬೇಕು, ವಯಲ್ (ನೊಣ ಸಾಕುವ ಸಣ್ಣ ಸೀಸೆ) ಬದಲಿಸಬೇಕು, ಏನಾದರೂ ಒಂದು ಇದ್ದೇ ಇರುತ್ತದೆ. ಊರಲ್ಲಿ ಯಕ್ಷಗಾನ ಕಲಿತಿದ್ದೆ. ಇಲ್ಲೂ ಭಾನುವಾರ ಬೆಳಗ್ಗೆ ಅಭ್ಯಾಸ ಮಾಡುವ ತಂಡ ಸಿಕ್ಕಿತ್ತು. ನಾಲ್ಕು ವಾರ ಹೋಗಿ ಬಿಟ್ಟೆ. ಹೋದರೂ ಮನಸ್ಸು ಲ್ಯಾಬ್‌ನಲ್ಲೇ ಇರುತ್ತಿತ್ತು. ಸುಮ್ಮನೆ ಕೂತರೆ ಏನೋ ತಪ್ಪು ಮಾಡಿದ ಹಾಗೆ ಅನಿಸುತ್ತದೆ. ನಮ್ಮ ಗೈಡ್ ಮ್ಯಾಮ್ ಬೈಯುವವರಲ್ಲ. ಆದರೆ ಸೀನಿಯರ್‌ಗಳು ಮಧ್ಯರಾತ್ರಿವರೆಗೂ ಇರುತ್ತಾರೆ. ವಾರವನ್ನು ಹೇಗೆ ಜೋಡಿಸಿಕೊಳ್ಳಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನೊಣದ ಲ್ಯಾಬ್ ನಡೆಸಿದವನು. ಈ ಪತ್ರವನ್ನು ನನ್ನ ವಿದ್ಯಾರ್ಥಿಗಳಲ್ಲಿ ಯಾರು ಬೇಕಾದರೂ ಬರೆದಿರಬಹುದಿತ್ತು. ನಾನೇ ಬರೆದಿರಬಹುದಿತ್ತು.

ಬೇಗ ಏಳಿ, ಕೆಲಸದ ಪಟ್ಟಿ ಮಾಡಿ, ಮೊಬೈಲ್ ದೂರ ಇಡಿ ಅಂತ ಎಲ್ಲರೂ ಹೇಳುತ್ತಾರೆ. ಆಫೀಸಿನಲ್ಲಿ ಕೂತು ಕೆಲಸ ಮಾಡುವವರಿಗೆ ಅದು ಸರಿ. ಫೈಲು ಸೋಮವಾರದ ತನಕ ಕಾಯುತ್ತದೆ. ನೊಣ ಕಾಯುವುದಿಲ್ಲ. ಜೀವಶಾಸ್ತ್ರದ ಲ್ಯಾಬ್‌ನಲ್ಲಿ ವಾರದ ಯಜಮಾನಿಕೆ ನಿಮ್ಮದಲ್ಲ, ನೀವು ಸಾಕುತ್ತಿರುವ ಜೀವಿಯದು. ಈ. ಕೋಲಿ ಬ್ಯಾಕ್ಟೀರಿಯಾ ಒಳ್ಳೆಯ ಆಹಾರ ಸಿಕ್ಕರೆ 20 ನಿಮಿಷಕ್ಕೆ ಎರಡಾಗುತ್ತದೆ. ಯೀಸ್ಟ್‌ಗೆ ಸುಮಾರು ಒಂದೂವರೆ ಗಂಟೆ ಬೇಕು. ಇಲಿಯ ಮೇಲೆ ಕೆಲಸ ಮಾಡುವವರು ಮರಿಗಾಗಿ ಮೂರು ವಾರ ಕಾಯುತ್ತಾರೆ. ನಿಮ್ಮ ನೊಣಕ್ಕೆ 25 ಡಿಗ್ರಿಯಲ್ಲಿ ಮೊಟ್ಟೆಯಿಂದ ರೆಕ್ಕೆ ಬರುವ ತನಕ ಸುಮಾರು 10 ದಿನ.

ನಾನು ನಿಮಗೆ ಹೇಳಬೇಕಾಗಿರುವುದು ಮುಖ್ಯವಾಗಿ ಇದು: ನೊಣ ಪ್ಯೂಪಾದಿಂದ (ರೆಕ್ಕೆ ಮೂಡುವ ಗೂಡಿನಿಂದ) ಯಾವ ದಿನ ಹೊರಬರುತ್ತದೆ ಅನ್ನುವುದನ್ನು ನೀವು ತಡೆಯಲಾರಿರಿ. ಆದರೆ ಕ್ರಾಸ್ ಯಾವ ದಿನ ಹಾಕಬೇಕು, ಅಂದರೆ ಆರಿಸಿದ ಗಂಡು ಹೆಣ್ಣುಗಳನ್ನು ಮರಿಗಾಗಿ ಯಾವ ದಿನ ಒಟ್ಟಿಗೆ ಬಿಡಬೇಕು ಅನ್ನುವುದು ಪೂರ್ತಿ ನಿಮ್ಮ ಕೈಯಲ್ಲಿದೆ. ಎರಡನೇ ವರ್ಷದ ಹೆಚ್ಚಿನ ವಿದ್ಯಾರ್ಥಿಗಳು ಮಾಡುವುದೇನು? ಎರಡೂ ಕಡೆಯ ನೊಣಗಳು ಸಿಕ್ಕ ತಕ್ಷಣ, ಅವತ್ತೇ ಕ್ರಾಸ್ ಹಾಕಿಬಿಡುತ್ತಾರೆ. ಒಂದು ದಿನವೂ ವ್ಯರ್ಥ ಆಗಬಾರದು ಅನ್ನುವ ಆಸೆ. ಬೆರಳಲ್ಲಿ ಎಣಿಸಿ ನೋಡಿ. ಬುಧವಾರ ಕ್ರಾಸ್ ಹಾಕಿದರೆ ಹತ್ತನೇ ದಿನ ಶನಿವಾರ ಬೀಳುತ್ತದೆ. ಗುರುವಾರ ಹಾಕಿದರೆ ಭಾನುವಾರ. ನೀವು ಕಳೆದುಕೊಂಡ ಭಾನುವಾರ ಅವತ್ತು ಹೋದದ್ದಲ್ಲ. ಹತ್ತು ದಿನ ಮೊದಲು, ಯಾವುದೋ ಗುರುವಾರ ಮಧ್ಯಾಹ್ನ, ವಯಲ್ ಮೇಲೆ ತಾರೀಖು ಬರೆಯುವಾಗಲೇ ಹೋಗಿತ್ತು.

ಅದೇ ಕ್ರಾಸ್ ಶುಕ್ರವಾರ ಹಾಕಿ. ಹತ್ತನೇ ದಿನ ಸೋಮವಾರ. ಶನಿ, ಭಾನು ನೊಣಗಳು ವಯಲ್‌ನಲ್ಲಿ ಮೊಟ್ಟೆ ಇಡುತ್ತಿರಲಿ. ಮೂರನೇ ದಿನ, ಸೋಮವಾರ ಬೆಳಗ್ಗೆ, ಅಪ್ಪ ಅಮ್ಮ ನೊಣಗಳನ್ನು ಹೊಸ ವಯಲ್‌ಗೆ ದಾಟಿಸಿ. ಆ ಎರಡನೇ ವಯಲ್‌ನ ಮಕ್ಕಳು ಹತ್ತು ದಿನಕ್ಕೆ, ಅಂದರೆ ಮುಂದಿನ ವಾರದ ಗುರುವಾರ ಹೊರಬರುತ್ತವೆ. ಸೋಮವಾರ ಒಂದು ಬ್ಯಾಚ್, ಗುರುವಾರ ಇನ್ನೊಂದು. ಒಂದೆರಡು ದಿನ ತಡವಾಗಿ ಹಾಕಿದ್ದರಿಂದ ಏನಾದರೂ ನಷ್ಟ ಆಯಿತೇ? ಐದು ವರ್ಷದ ಕೆಲಸದಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ಗಳಿಸಿದ್ದು ಮಾತ್ರ ಲೆಕ್ಕಕ್ಕೆ ಬರುತ್ತದೆ.

ಇನ್ನು ವರ್ಜಿನ್ ಆರಿಸುವ ಕೆಲಸ. ನಿಮ್ಮ ರಾತ್ರಿಗಳನ್ನು ತಿನ್ನುತ್ತಿರುವುದು ಇದೇ ಅಂತ ನನಗೆ ಗೊತ್ತು. ಲ್ಯಾಬ್ ಬಗ್ಗೆ ತಿಳಿಯದ ಓದುಗರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೆಣ್ಣು ನೊಣ ಒಮ್ಮೆ ಕೂಡಿದರೆ ಆ ಗಂಡಿನ ವೀರ್ಯವನ್ನು ಮೈಯೊಳಗೆ ದಿನಗಟ್ಟಲೆ ಕೂಡಿಟ್ಟುಕೊಳ್ಳುತ್ತದೆ. ಆಮೇಲೆ ನೀವು ಬೇಕಾದ ಗಂಡಿನ ಜೊತೆ ಬಿಟ್ಟರೂ ಮಕ್ಕಳು ಯಾರವು ಅಂತ ಹೇಳಲಾಗದು. ಹಾಗಾಗಿ ಹೊರಬಂದ ಕೆಲವೇ ಗಂಟೆಗಳೊಳಗೆ, ಕೂಡುವ ಮೊದಲೇ, ಹೆಣ್ಣುಗಳನ್ನು ಬೇರೆ ಮಾಡಬೇಕು. 25 ಡಿಗ್ರಿಯಲ್ಲಿ ಈ ಅವಧಿ ಸುಮಾರು 8 ಗಂಟೆ. 18 ಡಿಗ್ರಿಯಲ್ಲಿ ಇಟ್ಟರೆ ಸುಮಾರು 16 ಗಂಟೆ.

ನಿಮ್ಮ ರಾತ್ರಿ ಊಟ, ನಿದ್ದೆ ಎಲ್ಲ ಇರುವುದು 8ಕ್ಕೂ 16ಕ್ಕೂ ನಡುವಿನ ಈ ಎಂಟು ಗಂಟೆಯ ಅಂತರದಲ್ಲಿ. ಬೆಳಗ್ಗೆ 9ಕ್ಕೆ ಬಂದು ವಯಲ್‌ಗಳನ್ನು ಪೂರ್ತಿ ಖಾಲಿ ಮಾಡಿ, ಹೆಣ್ಣುಗಳನ್ನು ಆರಿಸಿ, 25 ಡಿಗ್ರಿಗೆ ಇಡಿ. ಮಧ್ಯಾಹ್ನ 2ಕ್ಕೆ ಇನ್ನೊಮ್ಮೆ. ಸಂಜೆ 6ಕ್ಕೆ ಕೊನೆಯ ಸಲ. ಆಗ ಒಂದು ನೊಣವೂ ಉಳಿಯದ ಹಾಗೆ ತಟ್ಟಿ ಖಾಲಿ ಮಾಡಿ, ವಯಲ್‌ಗಳನ್ನು 18 ಡಿಗ್ರಿಯ ಇನ್‌ಕ್ಯುಬೇಟರ್‌ಗೆ ಸಾಗಿಸಿ, ಬಾಗಿಲು ಹಾಕಿ ಮನೆಗೆ ಹೋಗಿ. ಮರುದಿನ ಬೆಳಗ್ಗೆ 9ಕ್ಕೆ ಹದಿನೈದು ಗಂಟೆ ಆಗಿರುತ್ತದೆ. ಒಳಗಿರುವ ಹೆಣ್ಣುಗಳನ್ನು ಧೈರ್ಯವಾಗಿ ತೆಗೆದುಕೊಳ್ಳಬಹುದು. ರಾತ್ರಿ 10ಕ್ಕೆ ಬರುವ ಅಗತ್ಯವೇ ಇಲ್ಲ. ಇದು ಹೊಸ ಉಪಾಯ ಏನಲ್ಲ, ನೊಣ ಸಾಕುವವರೆಲ್ಲ ಬಲ್ಲದ್ದು. ಆದರೂ ಎಷ್ಟೋ ಲ್ಯಾಬ್‌ಗಳಲ್ಲಿ ಹೊಸಬರಿಗೆ ಯಾರೂ ಕೂರಿಸಿ ಹೇಳಿಕೊಡುವುದಿಲ್ಲ.

ಭಾನುವಾರ ಏನು ಮಾಡುವುದು? ಏನೂ ಮಾಡಬೇಡಿ. ಅವತ್ತು ಹೊರಬಂದ ಹೆಣ್ಣುಗಳು ಕೈತಪ್ಪುತ್ತವೆ. ಹೋಗಲಿ. ಒಂದು ವಯಲ್ ದಿನಗಟ್ಟಲೆ ನೊಣ ಕೊಡುತ್ತದೆ. ಸೋಮವಾರ ಬೆಳಗ್ಗೆ ಎಲ್ಲವನ್ನೂ ಖಾಲಿ ಮಾಡಿ ಹೊಸದಾಗಿ ಶುರು ಮಾಡಿ. ಭಾನುವಾರದ ನಷ್ಟ ಭರ್ತಿ ಆಗಲು ಎರಡು ವಯಲ್ ಜಾಸ್ತಿ ಇಟ್ಟರೆ ಸಾಕು. ಎರಡು ವಯಲ್ ಆಹಾರಕ್ಕೆ ಒಂದು ಹಿಡಿ ಮೆಕ್ಕೆಜೋಳದ ಹಿಟ್ಟೂ ಖರ್ಚಾಗುವುದಿಲ್ಲ.

ಒಂದು ಎಚ್ಚರಿಕೆ. ಹೀಗೆ 18ಕ್ಕೂ 25ಕ್ಕೂ ಓಡಾಡಿಸುವುದು ವರ್ಜಿನ್ ಆರಿಸುವ ವಯಲ್‌ಗಳಿಗೆ, ಸ್ಟಾಕ್ (ಮುಂದಿನ ಬಳಕೆಗೆ ಸಾಕಿಟ್ಟ ತಳಿ) ಬೆಳೆಸುವ ವಯಲ್‌ಗಳಿಗೆ ಮಾತ್ರ. ಗ್ಯಾಲ್4 ಅನ್ನುವ ಪ್ರೋಟೀನ್ ಬಳಸಿ ಜೀನ್ ಚಾಲೂ ಮಾಡುವ ಪ್ರಯೋಗ ಇದ್ದರೆ ಅದನ್ನು ಹೀಗೆ ಸರಿಸಬೇಡಿ. ತಣ್ಣಗಾದರೆ ಗ್ಯಾಲ್4 ಮಂದ ಆಗುತ್ತದೆ, ಬೆಚ್ಚಗಾದರೆ ಜೋರಾಗುತ್ತದೆ. ನಿಮ್ಮ ಭಾನುವಾರ ಉಳಿಯುತ್ತದೆ, ಫಲಿತಾಂಶ ಹಾಳಾಗುತ್ತದೆ. ಆ ವಯಲ್‌ಗಳಿಗೆ ಶುಕ್ರವಾರದ ಲೆಕ್ಕವೇ ಸರಿ.

ರಾತ್ರಿ ಬೇಡ ಅಂತ ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನನ್ನ ಪಿಎಚ್.ಡಿ.ಯ ಮೂರನೇ ವರ್ಷ. ರಾತ್ರಿ ಹನ್ನೊಂದೂವರೆ. ಬೆಳಗ್ಗೆಯಿಂದ ಸೂಕ್ಷ್ಮದರ್ಶಕದ ಮುಂದೆ ಕೂತು ಕುತ್ತಿಗೆ ಹಿಡಿದುಕೊಂಡಿತ್ತು. ಮಂಪರು ತರಿಸುವ ಕಾರ್ಬನ್ ಡೈಆಕ್ಸೈಡ್ ಪ್ಯಾಡ್ ಮೇಲೆ ನೊಣಗಳು ಮಲಗಿದ್ದವು. ಬ್ರಶ್ಶಿನಿಂದ ಒಂದೊಂದನ್ನೇ ಸರಿಸುತ್ತಿದ್ದೆ. ಈಗತಾನೆ ಹೊರಬಂದ ನೊಣಗಳನ್ನು ನೀವು ನೋಡಿದ್ದೀರಿ. ಗಂಡು, ಹೆಣ್ಣು ಎರಡೂ ಬಿಳಿಚಿಕೊಂಡಿರುತ್ತವೆ. ಗಂಡಿನ ಹೊಟ್ಟೆಯ ತುದಿಗೆ ಆ ಕಪ್ಪು ಬಣ್ಣ ಇನ್ನೂ ಬಂದಿರುವುದಿಲ್ಲ. ಗಂಡಿಗೆ ಮಾತ್ರ ಇರುವ, ಮುಂಗಾಲಿನ ಮೇಲಿನ ಸಣ್ಣ ಕಪ್ಪು ಬಾಚಣಿಗೆಯಂಥ ಕೂದಲ ಸಾಲು ಇದೆಯಾ ಅಂತ ನೋಡಿಯೇ ಹೇಳಬೇಕು. ನೋಡದೆ ಒಂದನ್ನು ಹೆಣ್ಣುಗಳ ವಯಲ್‌ಗೆ ಹಾಕಿದೆ. ಒಂದೇ ಒಂದು ಗಂಡು. ಆ ವಯಲ್‌ನಲ್ಲಿ ಮೂವತ್ತು ಹೆಣ್ಣುಗಳಿದ್ದವು. ಅವುಗಳನ್ನೇ ಆರು ಕ್ರಾಸ್‌ಗಳಿಗೆ ಹಂಚಿದೆ. ಮಕ್ಕಳು ಹೊರಬಂದು ಕಣ್ಣಿನ ಬಣ್ಣ ತಾಳೆಯಾಗದೆ ಹೋದಾಗಲೇ ಗೊತ್ತಾದದ್ದು. ಮೂರು ವಾರದ ಕೆಲಸ ಸಿಂಕಿಗೆ ಹೋಯಿತು. ಆ ಮೂರು ವಾರದಲ್ಲಿ ನಾನು ಒಂದು ಭಾನುವಾರವೂ ರಜೆ ತೆಗೆದುಕೊಂಡಿರಲಿಲ್ಲ. ಅವತ್ತು ರಾತ್ರಿ ಮಲಗಿ ಬೆಳಗ್ಗೆ ಬಂದು ಆರಿಸಿದ್ದರೆ ಆ ಬಾಚಣಿಗೆ ಕಣ್ಣಿಗೆ ಬೀಳುತ್ತಿತ್ತು.

ನೊಣಗಳೇ ರಾತ್ರಿ ಹೊರಬರಲು ಇಷ್ಟಪಡುವುದಿಲ್ಲ ನೋಡಿ. ಪ್ಯೂಪಾದಿಂದ ಹೆಚ್ಚಿನವು ಹೊರಬರುವುದು ಬೆಳಗಿನ ಹೊತ್ತು. ಈ ಲಯವನ್ನೇ ಹಿಡಿದು 1971ರಲ್ಲಿ ಅಮೆರಿಕದ ಕೊನೊಪ್ಕಾ ಮತ್ತು ಬೆಂಜರ್, ಹೊತ್ತು ತಪ್ಪಿ ಹೊರಬರುವ ನೊಣಗಳನ್ನು ಹುಡುಕಿದರು. ಅವುಗಳಲ್ಲಿ ಕೆಟ್ಟಿದ್ದ ಜೀನಿಗೆ ಪೀರಿಯಡ್ ಅಂತ ಹೆಸರು ಬಂತು. ಮೈಯೊಳಗಿನ ಗಡಿಯಾರದ ಆ ಕಥೆಯನ್ನು ಮುಂದುವರಿಸಿದ ಹಾಲ್, ರಾಸ್‌ಬ್ಯಾಶ್ ಮತ್ತು ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಸಿಕ್ಕಿತು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಕೇಂದ್ರದಲ್ಲೂ ನೊಣದ ಗಡಿಯಾರದ ಮೇಲೆ ವರ್ಷಗಟ್ಟಲೆ ಕೆಲಸ ನಡೆದಿದೆ. ನಿಮ್ಮ ಮೈಯಲ್ಲೂ ಅಂಥದ್ದೇ ಗಡಿಯಾರ ಇದೆ, ಪೀರಿಯಡ್ ಜೀನಿನ ನೆಂಟರೇ ಅದನ್ನು ನಡೆಸುತ್ತಾರೆ. ನೊಣದ ನಿದ್ದೆಯನ್ನು ಅಷ್ಟು ಗೌರವದಿಂದ ಅಳೆಯುವ ನಾವು ನಮ್ಮ ನಿದ್ದೆಯನ್ನು ಯಾಕೆ ಇಷ್ಟು ಹಗುರವಾಗಿ ಕಾಣುತ್ತೇವೋ ಅಂತ ನನಗೆ ನಿಜವಾಗಿ ಬೇಸರ ಆಗುತ್ತದೆ.

ಈಗ ವಾರದ ಉಳಿದ ಭಾಗ. ನೊಣಗಳ ಆಯಸ್ಸು ಅಳೆಯುವ ಪ್ರಯೋಗ ಇದ್ದರೆ ವಯಲ್ ಬದಲಿಸುವುದನ್ನು ಸೋಮ, ಬುಧ, ಶುಕ್ರಕ್ಕೆ ಕಟ್ಟಿಹಾಕಿ. ಆ ಪ್ರಯೋಗ ಎರಡು ಮೂರು ತಿಂಗಳು ನಡೆಯುತ್ತದೆ, ಅಷ್ಟೂ ಕಾಲ ವಾರಾಂತ್ಯ ಉಳಿಯುತ್ತದೆ. ಸ್ಟಾಕ್‌ಗಳನ್ನು 18 ಡಿಗ್ರಿಯಲ್ಲಿ ಇಟ್ಟರೆ ಮೂರು ನಾಲ್ಕು ವಾರಕ್ಕೊಮ್ಮೆ ಬದಲಿಸಿದರೆ ಸಾಕು. ಅದಕ್ಕೊಂದು ಮಂಗಳವಾರ ಮಧ್ಯಾಹ್ನ ಗೊತ್ತುಮಾಡಿ, ಪಕ್ಕದ ಬೆಂಚಿನವರನ್ನೂ ಜೊತೆಗೆ ಕೂರಿಸಿಕೊಳ್ಳಿ. ಹರಟುತ್ತಾ ಮಾಡಿದರೆ ಇನ್ನೂರು ವಯಲ್ ಮುಗಿದದ್ದೇ ಗೊತ್ತಾಗುವುದಿಲ್ಲ. ನೊಣದ ಮಿದುಳು ಬಿಡಿಸಿ ಬಣ್ಣ ಹಾಕುವ ಕೆಲಸವನ್ನು ಗುರುವಾರ, ಶುಕ್ರವಾರಕ್ಕೆ ಇಟ್ಟುಕೊಳ್ಳಿ. ಶುಕ್ರವಾರ ಸಂಜೆ ಪ್ರೈಮರಿ ಆಂಟಿಬಾಡಿ (ಬೇಕಾದ ಪ್ರೋಟೀನನ್ನು ಹುಡುಕಿ ಅಂಟಿಕೊಳ್ಳುವ ದ್ರಾವಣ) ಹಾಕಿ 4 ಡಿಗ್ರಿಯಲ್ಲಿ ಇಟ್ಟರೆ ಬಹಳಷ್ಟು ಆಂಟಿಬಾಡಿಗಳು ಸೋಮವಾರದ ತನಕ ತಕರಾರು ಮಾಡುವುದಿಲ್ಲ. ನಿಮ್ಮದನ್ನು ಒಮ್ಮೆ ಒಂದು ರಾತ್ರಿಗೂ ಮೂರು ರಾತ್ರಿಗೂ ಹೋಲಿಸಿ ನೋಡಿಬಿಡಿ, ಮುಂದೆ ಅನುಮಾನ ಇರುವುದಿಲ್ಲ.

ಕಾನ್‌ಫೋಕಲ್ ಸೂಕ್ಷ್ಮದರ್ಶಕ ಭಾನುವಾರ ಖಾಲಿ ಇರುತ್ತದೆ, ಬುಕಿಂಗ್ ಸಲೀಸು. ನಿಮಗೆ ಆಸೆ ಆಗುತ್ತದೆ. ತಿಂಗಳಿಗೆ ಒಂದು ಸಲ ಹೋಗಿ, ತಪ್ಪೇನಿಲ್ಲ. ಆದರೆ ಆ ವಾರ ಬುಧವಾರ ಮಧ್ಯಾಹ್ನ ನಿಮ್ಮದು ಅಂತ ಮೊದಲೇ ಬರೆದಿಡಿ.

ಇನ್ನೊಂದು ವಿಷಯ ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ದಿನಕ್ಕೆ ಹದಿಮೂರು ಗಂಟೆ ಲ್ಯಾಬ್‌ನಲ್ಲಿ ಇರುತ್ತೇನೆ ಅಂದಿದ್ದೀರಿ. ಅದರಲ್ಲಿ ಕೈ ಕೆಲಸ ಮಾಡಿದ ಗಂಟೆ ಎಷ್ಟು? ಒಂದು ವಾರ ನೋಟ್‌ಬುಕ್‌ನ ಅಂಚಿನಲ್ಲಿ ಬರೆದು ನೋಡಿ. ಡಿಎನ್ಎ ಪ್ರತಿ ಮಾಡುವ ಪಿಸಿಆರ್ ಓಡುವ ಎರಡು ಗಂಟೆ, ಅದನ್ನು ನೋಡುವ ಜೆಲ್ ಓಡುವ ಮುಕ್ಕಾಲು ಗಂಟೆ, ಯಾರೋ ಸೆಂಟ್ರಿಫ್ಯೂಜ್ ಬಿಡಲಿ ಅಂತ ಕಾದ ಅರ್ಧ ಗಂಟೆ, ಸಂಜೆ ಎಲ್ಲರೂ ಇದ್ದಾರೆ ಅಂತ ಸುಮ್ನೆ ಕೂತ ಎರಡು ಗಂಟೆ. ನನ್ನ ಲ್ಯಾಬ್‌ನಲ್ಲಿ ಒಬ್ಬ ವಿದ್ಯಾರ್ಥಿ ಹೀಗೆ ಬರೆದಿಟ್ಟು ನನಗೇ ತೋರಿಸಿದ. ಹದಿಮೂರು ಗಂಟೆಯ ದಿನದಲ್ಲಿ ಕೈ ಕೆಲಸ ಆರು ಗಂಟೆ ಇತ್ತು. ಉಳಿದ ಏಳರಲ್ಲಿ ಕೆಲಸವೂ ಆಗಿರಲಿಲ್ಲ, ವಿಶ್ರಾಂತಿಯೂ ಸಿಕ್ಕಿರಲಿಲ್ಲ. ಫೋನ್ ತಿರುಗಿಸುತ್ತಾ ಕಾಯುವ ಹೊತ್ತು ಮೈಯನ್ನು ದಣಿಸುತ್ತದೆ, ಮನಸ್ಸಿಗೆ ಬಿಡುವು ಕೊಡುವುದಿಲ್ಲ. ಪಿಸಿಆರ್ ಹಾಕಿದ ಮೇಲೆ ಒಂದೋ ಗಟ್ಟಿಯಾಗಿ ಕೂತು ಪೇಪರ್ ಓದಿ, ಇಲ್ಲವೇ ಹೊರಗೆ ಹೋಗಿ ಒಂದು ಸುತ್ತು ನಡೆದು ಬನ್ನಿ.

ಸೀನಿಯರ್‌ಗಳ ಮಾತಿಗೆ ಬರೋಣ. ಅವರು ಮಧ್ಯರಾತ್ರಿವರೆಗೂ ಇರುವುದನ್ನು ನೀವು ನೋಡುತ್ತೀರಿ. ಅವರು ಬೆಳಗ್ಗೆ ಹನ್ನೊಂದೂವರೆಗೆ ಬರುವುದನ್ನು ನೋಡುತ್ತೀರಾ? ಕೆಲವರು ಥೀಸಿಸ್ ಬರೆಯುತ್ತಿರಬಹುದು. ಕೆಲವರಿಗೆ ರೂಮಿನಲ್ಲಿ ಒಬ್ಬರೇ ಇರುವುದಕ್ಕಿಂತ ಲ್ಯಾಬ್ ವಾಸಿ. ಅವರ ದಿನವನ್ನು ನಿಮ್ಮ ಅಳತೆಗೋಲು ಮಾಡಿಕೊಳ್ಳಬೇಡಿ. ಪಿಎಚ್.ಡಿ.ಗೆ ಹಾಜರಿ ಪುಸ್ತಕ ಇಲ್ಲ, ಓವರ್‌ಟೈಮ್ ಇಲ್ಲ. ತಿಂಗಳಿಗೆ ಬರುವ 37,000 ರೂಪಾಯಿ ಸಂಬಳವೂ ಅಲ್ಲ, ಫೆಲೋಶಿಪ್. ಗಂಟೆಗೆ ಮಿತಿ ಹಾಕುವವರು ಯಾರೂ ಇಲ್ಲದ್ದರಿಂದ ಸಾಕು ಅಂತ ಹೇಳುವ ಕೆಲಸವೂ ನಿಮ್ಮ ಮೇಲೇ ಬೀಳುತ್ತದೆ. ಅದು ಕಷ್ಟದ ಕೆಲಸ, ನಾನು ಒಪ್ಪುತ್ತೇನೆ.

ನಿಮ್ಮ ಮ್ಯಾಮ್ ಹತ್ತಿರ ಮಾತಾಡಿ. "ನನಗೆ ಸುಸ್ತಾಗಿದೆ, ರಜೆ ಬೇಕು" ಅಂತ ಅಲ್ಲ. ಕ್ಯಾಲೆಂಡರ್ ಹಿಡಿದು ಹೋಗಿ. "ಮ್ಯಾಮ್, ಇನ್ಮೇಲೆ ಕ್ರಾಸ್‌ಗಳನ್ನೆಲ್ಲ ಶುಕ್ರವಾರ ಹಾಕ್ತೀನಿ. ನೊಣ ಸೋಮವಾರ ಬರುತ್ತೆ. ಶನಿವಾರ ಮಧ್ಯಾಹ್ನದ ತನಕ ಇರ್ತೀನಿ, ಭಾನುವಾರ ಬರಲ್ಲ" ಅನ್ನಿ. ಹೀಗೆ ಬಂದ ವಿದ್ಯಾರ್ಥಿಗೆ ನಾನು ಒಮ್ಮೆಯೂ ಇಲ್ಲ ಅಂದಿಲ್ಲ. ಯೋಜನೆ ಇದೆ ಅಂತ ಗೊತ್ತಾದರೆ ಗೈಡ್‌ಗೂ ನೆಮ್ಮದಿ. ಇನ್ನು ಯುಜಿಸಿ ಫೆಲೋಶಿಪ್ ಇದ್ದರೆ ಸರ್ಕಾರಿ ರಜಾದಿನಗಳನ್ನು ಬಿಟ್ಟು ವರ್ಷಕ್ಕೆ 30 ದಿನದವರೆಗೆ ರಜೆ ನಿಯಮದಲ್ಲೇ ಇದೆ. ಎಷ್ಟೋ ಮಕ್ಕಳು ಐದು ವರ್ಷ ಕಳೆದರೂ ಇದನ್ನು ಕೇಳಿಯೇ ಇರುವುದಿಲ್ಲ.

ಈಗ ಯಕ್ಷಗಾನ. ಇದರ ಬಗ್ಗೆ ಬರೆಯಬೇಕು ಅಂತಲೇ ನಾನು ಈ ಉತ್ತರಕ್ಕೆ ಕೂತದ್ದು. ನೀವು ಹೋಗಿ ಬಿಟ್ಟದ್ದಕ್ಕೆ ಕಾರಣ, ಅದು ಉಳಿದ ಹೊತ್ತಿನಲ್ಲಿ ಮಾಡುವ ಕೆಲಸ ಆಗಿತ್ತು. ಲ್ಯಾಬ್‌ನಲ್ಲಿ ಉಳಿದ ಹೊತ್ತು ಅನ್ನುವುದೇ ಇಲ್ಲ. ಅದನ್ನೂ ಸ್ಟಾಕ್ ಬದಲಿಸುವ ದಿನದ ಹಾಗೆ ಕ್ಯಾಲೆಂಡರ್‌ನಲ್ಲಿ ಮೊದಲು ಗುರುತು ಹಾಕಿ, ಕ್ರಾಸ್‌ಗಳನ್ನು ಅದರ ಸುತ್ತ ಕೂರಿಸಿ. ನಿಮಗೆ ಒಂದು ಅನುಕೂಲ ಇದೆ. ಯಕ್ಷಗಾನ ಒಬ್ಬರೇ ಮಾಡುವುದಲ್ಲ. ಭಾಗವತರು ಪದ ಎತ್ತಿದ ಮೇಲೆ, ಮದ್ದಳೆ ಚಂಡೆ ಶುರುವಾದ ಮೇಲೆ, ಹೆಜ್ಜೆ ತಪ್ಪಿದರೆ ಎದುರಿನವರಿಗೂ ತೊಂದರೆ. ಬೆಳಗ್ಗೆ ಓಡಲು ಹೋಗುವುದನ್ನು ಸುಲಭವಾಗಿ ತಪ್ಪಿಸಬಹುದು. ಹತ್ತು ಜನ ಕಾಯುವ ಜಾಗಕ್ಕೆ ಹೋಗದೆ ಇರುವುದು ಅಷ್ಟು ಸುಲಭ ಅಲ್ಲ, ಅಲ್ವಾ? ಅದು ಒಳ್ಳೆಯದೇ.

ಸಿ.ವಿ. ರಾಮನ್ ಕಲ್ಕತ್ತಾದಲ್ಲಿದ್ದಾಗ ಮೃದಂಗ, ತಬಲಾಗಳ ನಾದದ ಮೇಲೆ ಕೆಲಸ ಮಾಡಿ 1920ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಚರ್ಮದ ನಡುವಿನ ಆ ಕಪ್ಪು ಕರಣೆಯಿಂದಲೇ ನಾದಕ್ಕೆ ಶ್ರುತಿ ಕೂಡುತ್ತದೆ ಅಂತ ತೋರಿಸಿದರು. ನಿಮ್ಮ ಮದ್ದಳೆಗೂ ಅದೇ ಕರಣೆ. ಇದನ್ನು ಹೇಳಿ, ಕಲೆ ವಿಜ್ಞಾನಕ್ಕೆ ಸಹಾಯ ಮಾಡುತ್ತದೆ, ಆದ್ದರಿಂದ ಹೋಗಿ ಅಂತ ನಾನು ಹೇಳುವುದಿಲ್ಲ. ನಿಮ್ಮ ಯಕ್ಷಗಾನದಿಂದ ಥೀಸಿಸ್‌ಗೆ ಒಂದು ಸಾಲೂ ಬರದಿರಬಹುದು. ಬರಬೇಕಾಗಿಲ್ಲ. ಅದು ನಿಮಗೆ ಇಷ್ಟ, ಅಷ್ಟು ಸಾಕು.

ಮೊದಮೊದಲು ಮನಸ್ಸು ಲ್ಯಾಬ್‌ನಲ್ಲೇ ಇರುತ್ತದೆ. ಬಲವಂತ ಮಾಡಬೇಡಿ. ಶನಿವಾರ ಹೊರಡುವ ಮೊದಲು ಹತ್ತು ನಿಮಿಷ ಕೂತು, ಯಾವ ವಯಲ್ ಎಲ್ಲಿದೆ, ಸೋಮವಾರ ಬಂದ ಕೂಡಲೇ ಮೊದಲು ಏನು ಮಾಡಬೇಕು ಅಂತ ಒಂದು ಚೀಟಿ ಬರೆದು ಬೆಂಚಿಗೆ ಅಂಟಿಸಿ. ಚೀಟಿಯಲ್ಲಿ ಇದೆ ಅಂತ ಗೊತ್ತಾದರೆ ತಲೆ ಅದನ್ನು ಹೊತ್ತು ತಿರುಗುವುದಿಲ್ಲ. ನನಗೆ ಇದು ರೂಢಿ ಆಗಲು ಎರಡು ತಿಂಗಳು ಹಿಡಿಯಿತು.

ಒಂದು ಮಾತು ಕೊನೆಗೆ ಬಂದರೂ ಹಗುರ ಅಲ್ಲ. ಇಷ್ಟೆಲ್ಲ ಮಾಡಿದ ಮೇಲೂ ನಿದ್ದೆ ಬಾರದಿದ್ದರೆ, ಬೆಳಗ್ಗೆ ಏಳಲು ಮನಸ್ಸೇ ಇಲ್ಲದಿದ್ದರೆ, ಇಷ್ಟವಾದದ್ದು ಯಾವುದೂ ಇಷ್ಟ ಆಗದಿದ್ದರೆ, ಅದು ಕ್ಯಾಲೆಂಡರ್‌ನಿಂದ ಸರಿಹೋಗುವುದಲ್ಲ. 2019ರಲ್ಲಿ ನೇಚರ್ ಪತ್ರಿಕೆ ಜಗತ್ತಿನ ಆರು ಸಾವಿರಕ್ಕೂ ಹೆಚ್ಚು ಪಿಎಚ್.ಡಿ. ವಿದ್ಯಾರ್ಥಿಗಳನ್ನು ಕೇಳಿತ್ತು. ಓದಿನಿಂದ ಉಂಟಾದ ಆತಂಕ, ಖಿನ್ನತೆಗೆ ಸಹಾಯ ಕೇಳಿದ್ದೇವೆ ಅಂದವರು ನೂರಕ್ಕೆ 36 ಜನ. ನೀವು ಒಬ್ಬರೇ ಅಲ್ಲ. ನಿಮ್ಮ ಸಂಸ್ಥೆಯ ಕೌನ್ಸೆಲರ್ ಹತ್ತಿರ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ಹಣ ಇಲ್ಲ. ತಾನೇ ಸರಿಹೋಗುತ್ತದೆ ಅಂತ ಕಾಯಬೇಡಿ.

ನಿಮ್ಮ ಪತ್ರದ ದನಿ ನೋಡಿದರೆ ನೀವು ಅಲ್ಲಿಗೆ ಹೋಗಿಲ್ಲ ಅನಿಸುತ್ತದೆ. ಹಾಗಿದ್ದರೆ ಎಲ್ಲವನ್ನೂ ಒಟ್ಟಿಗೆ ಬದಲಿಸಲು ಹೋಗಬೇಡಿ. ಈ ವಾರ ಸಿಕ್ಕ ಹೆಣ್ಣುಗಳನ್ನು ಬುಧವಾರ, ಗುರುವಾರ ಗಂಡುಗಳ ಜೊತೆ ಸೇರಿಸದೆ ಬೇರೆ ವಯಲ್‌ನಲ್ಲಿ ಕಾಯಿಸಿ. ಶುಕ್ರವಾರ ಮಧ್ಯಾಹ್ನ ಕ್ರಾಸ್ ಹಾಕಿ, ವಯಲ್ ಮೇಲೆ ತಾರೀಖು ಬರೆದು 25 ಡಿಗ್ರಿಗೆ ಇಡಿ. ಉಳಿದದ್ದನ್ನು 18ಕ್ಕೆ ಸಾಗಿಸಿ. ಈ ಒಂದು ವಾರ ಶನಿವಾರವೂ ಲ್ಯಾಬ್ ಬೇಡ. ಶುಕ್ರವಾರ ರಾತ್ರಿಯೇ ಶಿರಸಿಯ ಬಸ್ ಹತ್ತಿದರೆ ಬೆಳಗ್ಗೆ ಮನೆಯಲ್ಲಿರುತ್ತೀರಿ. ಅದರ ಮುಂದಿನ ಭಾನುವಾರ ತಂಡದ ಅಭ್ಯಾಸಕ್ಕೆ ಹೋಗಿ. ನೊಣ ಹೊರಬರುವುದು ಅದರ ಮಾರನೇ ದಿನ ಬೆಳಗ್ಗೆ.